ಗಾಜಿನ ಒಲಿ ಒಡೆದದ್ದು ನಿನ್ನ ಕೈಯಿಂದಲ್ಲ

ಅಫಜಲಪುರ,
ಭಾನುವಾರ ಮಧ್ಯಾಹ್ನ

ಕರಜಗಿಯ ಅಮೀರುನ್ನಿಸಾಗ,

ನಿನ್ನ ಭಾಗೂ ಬರೆಯಾಕತ್ತೇನಿ. ಕಾಗದದ ಮೊದಲನೇ ಸಾಲಿನಾಗ ನಾವು ಕ್ಷೇಮ, ನೀವೂ ಕ್ಷೇಮ ಇದ್ದೀರಿ ಅಂತ ತಿಳಿದೇನಿ ಅಂತ ಬರೀಬೇಕು. ಸಾಲ್ಯಾಗ ನಾಲ್ಕನೇ ಇಯತ್ತೆ ತನಕ ಕಲಿತದ್ದರಾಗ ಮಾಸ್ತರ ಹೇಳಿದ ಅದೊಂದು ಮಾತು ನೆನಪದ. ಆದರ ಬರೆಯಂಗಿಲ್ಲ. ನಾ ಕ್ಷೇಮ ಇಲ್ಲ, ನೀನೂ ಇಲ್ಲ. ಇಬ್ಬರದೂ ಕೆಡಿಸಿದವಳು ನಾನೇ.

ಮೂರು ಸಲ ಫೋನ್ ಹಚ್ಚಿದೆ. ಮೂರು ಸಲನೂ ನಿನ್ನ ಮೊಮ್ಮಗಳು ಮೆಹನಾಜ ಎತ್ತಿ, ದಾದಿ ನಮಾಜಿಗಿ ಕುಂತಾಳ್ರಿ ಅಂದಳು. ದಿನಕ್ಕ ಐದು ಸಲ ನಮಾಜು ಅಂತ ನನಗೂ ಗೊತ್ತದ, ನೀ ಯಾವಾಗಿಂದ ಹತ್ತು ಸಲ ಮಾಡಾಕತ್ತಿ ಅಂತ ಕೇಳಬೇಕು ಅನಿಸಿತ್ತು. ಕೇಳಲಿಲ್ಲ. ನೋಡು, ತಪ್ಪು ಒಪ್ಕೊಳ್ಳಾಕ ಕುಂತರೂ ಈ ಬಾಯಿಂದ ಕೊಂಕೇ ಬರ್ತದ. ಅದಕ್ಕೇ ಎದುರಿಗಿ ಬರಲಿಲ್ಲ. ಎದುರಿಗಿ ಬಂದರ ಎರಡು ಮಾತು ನಗಸ್ತಿದ್ದೆ, ಒಂದು ಮಾತು ಬೈತಿದ್ದೆ, ನೀ ಚಹಾ ಕೊಡ್ತಿದ್ದಿ, ಹೇಳೋ ಮಾತು ಹೊಟ್ಟಿಯೊಳಗೇ ಉಳೀತಿತ್ತು. ಕಾಗದಕ್ಕ ಚಹಾ ಕುಡಿಯೋದು ಗೊತ್ತಿಲ್ಲ. ನೀ ಕನ್ನಡ ಓದಂಗಿಲ್ಲ, ಮೆಹನಾಜ ಓದಿ ಹೇಳ್ತಾಳ. ಏ ಹುಡುಗಿ, ನಾಚಿಕೊಂಡು ಒಂದು ಸಾಲೂ ನುಂಗಬ್ಯಾಡ, ಹೆಂಗದ ಹಂಗೇ ಓದು.

ಮೊದಲು ಆ ಮಾತು ಹೇಳಿ ಬಿಡ್ತೇನಿ. ನಮ್ಮ ಹೊಸ ಮನಿಯ ಗಾಜಿನ ಒಲಿ ಒಡೆದದ್ದು ನಿನ್ನ ಕೈಯಿಂದಲ್ಲ. ನನ್ನ ಕೈಯಿಂದ. ಅದು ನನಗ ಅವತ್ತೇ ಗೊತ್ತಿತ್ತು, ನಿನ್ನ ಮ್ಯಾಲ ಹಾಕೋ ಹೊತ್ತಿನಾಗೂ ಗೊತ್ತಿತ್ತು.

ಈಗ ಎಲ್ಲಿಂದ ಶುರು ಮಾಡಲಿ. ಕಲಬುರಗಿಯ ಆ ಅಂಗಡಿಯಿಂದಲೇ ಮಾಡ್ತೇನಿ, ಯಾಕಂದ್ರ ನನ್ನ ಸೊಕ್ಕು ಅಲ್ಲಿಂದಲೇ ಶುರುವಾತು. ನೀ ಬರಂಗಿಲ್ಲ ಅಂದಿದ್ದಿ. ನಾನೇ ನಿನ್ನ ಎಳಕೊಂಡು ಹೋದೆ. ಮೂವತ್ತು ವರ್ಷ ಮದುವಿ ಮುಂಜಿಗಿ ರೊಟ್ಟಿ ಬಡಿದವಳು ನೀನು, ಒಲಿ ಆರಿಸಾಕ ನಿನಗಿಂತ ತಿಳಿದವರು ಯಾರದಾರ ಅಂತ ಬೆಣ್ಣಿ ಹಚ್ಚಿದೆ. ನನ್ನ ಮಗ ಧಮ್ಮಪಾಲಗ ಕರೆಂಟಿನ ಕಂಬ ಹತ್ತೋ ಡ್ಯೂಟಿ ಬಿಟ್ಟು ಬರಾಕ ಆಗಲಿಲ್ಲ. ನಾನು, ನನ್ನ ಸೊಸಿ ಪಂಚಶೀಲಾ, ನೀನು, ಮೂರೇ ಮಂದಿ ಹೋದೆವು.

ಪಂಚಶೀಲಾ ಚೀಟಿ ಬರಕೊಂಡು ಬಂದಿದ್ದಳು. ಮಾಸ್ತರಾಣಿ ಅಲ್ಲೇನು, ಎಲ್ಲಾದಕ್ಕೂ ಚೀಟಿ. ಆಕಿ ಸಾಲಿಗಿ ಹೋಗೋ ಬಸ್ಸು ಮುಂಜಾನೆ ಎಂಟಕ್ಕ, ಅದಕ್ಕ ಮೊದಲು ನಾಲ್ಕು ಡಬ್ಬಿ ತುಂಬಬೇಕು. ಅದಕ್ಕ ಮಿಕ್ಸರ್ ಒಂದು ಭಾರಿದು ಇರಲಿ, ಒಲಿ ಸಾದಾ ಸ್ಟೀಲಿಂದು ಸಾಕು, ಚಿಮಣಿ ಬ್ಯಾಡ, ಖಿಡಕಿ ದೊಡ್ಡದದ ಅಂತ ಬರದಿದ್ದಳು. ಎಷ್ಟು ಶಾಣ್ಯಾ ಮಾತು. ಈಗ ಅನ್ನಾಕತ್ತೇನಿ. ಅವತ್ತು ಆ ಕರಿ ಗಾಜಿನ ಒಲಿ ನೋಡಿದ ಮ್ಯಾಲ ನನಗ ಚೀಟಿನೂ ಕಾಣಲಿಲ್ಲ, ಸೊಸಿನೂ ಕಾಣಲಿಲ್ಲ. ನಾಲ್ಕು ಬರ್ನರ್, ಕಡ್ಡಿ ಇಲ್ಲದೇ ಹತ್ತೋ ಬೆಂಕಿ, ಅದರಾಗ ನನ್ನ ಮಾರಿ ಕಾಣತಿತ್ತು. ಅರವತ್ತೆಂಟು ವರ್ಷಕ್ಕ ಒಲಿಯೊಳಗ ನನ್ನ ಮಾರಿ ನೋಡಿಕೊಂಡೆ.

ತೋರಿಸಾಕ ನಿಂತ ಹುಡುಗ ಫರ್ದೀನ ಅದರ ಮ್ಯಾಲ ಮನಷ್ಯಾ ನಿಂತರೂ ಏನೂ ಆಗಂಗಿಲ್ಲ ಅಂದ. ಮೂಲಿಗಿ ಮಾತ್ರ ಪೆಟ್ಟು ಬೀಳಬಾರದು ಖಾಲಾ, ಅಂಚು ನಾಜೂಕು ಅಂತ ಅದೂ ಹೇಳಿದ. ಆ ಹುಡುಗಂದು ಏನೂ ತಪ್ಪಿಲ್ಲ. ನೀ ಅವನ ಮಾತು ಕೇಳಕೋತ ಬರ್ನರಿನ ಮ್ಯಾಲಿನ ಕಾಲು ಹಿಡಿದು ಅಳ್ಳಾಡಿಸಿ ನೋಡಿದಿ. ನಮ್ಮ ಹಂಚು ಇದಕ್ಕ ಅಗಲ ಆಗ್ತದ, ಬೆಂಕಿ ಹೊಳ್ಳಿ ಗಾಜಿಗಿ ಬಡೀತದ ಅಂದಿ. ಆಮ್ಯಾಲ ನನ್ನ ಕಡಿ ತಿರುಗಿ ಹೇಳಿದಿ:

"ಭಾಗೂ, ಇದು ಚಹಾ ಮಾಡೋರ ಒಲಿ. ರೊಟ್ಟಿ ಮಾಡೋರದಲ್ಲ."

ನಾ ಏನಂದೆ ನಿನಗ ನೆನಪಿರ್ತದ. ನೆನಪಿಲ್ಲ ಅಂದರ ನೀ ಸುಳ್ಳು ಹೇಳಾಕತ್ತಿ. ಅಷ್ಟು ಗಿರಾಕಿ ಮಂದಿ ನಡುವ, ಫರ್ದೀನನ ಮುಂದ, "ನಿನಗ ಮೂರು ಕಲ್ಲಿನ ಒಲಿ ಸಾಕಾಗ್ಯದ ಅಂತ ನನಗೂ ಸಾಕಾಗಬೇಕೇನು ಬೇ? ಹೊಟ್ಟಿಯೊಳಗಿನ ಬೆಂಕಿ ಇಲ್ಲಿ ಹಚ್ಚಬ್ಯಾಡ, ಗಿರಾಕಿ ಓಡಿ ಹೋಗ್ತಾರ" ಅಂದೆ. ಮಂದಿ ನಕ್ಕರು. ನೀನೂ ನಕ್ಕಿ. ನೀ ಬುರಖಾದ ಅಂಚು ಬಾಯಿಗಿ ಹಿಡಿದು ನಕ್ಕಿದ್ದಿ. ಸಣ್ಣಾಕಿದ್ದಾಗಿಂದ ನಿನ್ನ ನಗಿ ನೋಡೇನಿ, ಖುಷಿ ನಗಿಗಿ ನೀ ಬಾಯಿ ಮುಚ್ಚಂಗಿಲ್ಲ.

ಗಾಜಿನ ಒಲಿ ಬಂತು, ಅದರ ಮ್ಯಾಲ ಚಿಮಣಿ ಬಂತು. ಅಷ್ಟು ಆದ ಮ್ಯಾಲ ಉಳಿದದ್ದರಾಗ ಮಿಕ್ಸರ್ ಎಲ್ಲಾಕ್ಕಿಂತ ಹಗುರದು ತಗೊಳ್ಳಬೇಕಾತು. ಪಂಚಶೀಲಾ ಚೀಟಿ ಮಡಿಚಿ ಪರ್ಸಿನಾಗ ಇಟ್ಟಳು. ಮಂದಿ ಕಣ್ಣಿಗಿ ಬೀಳೋದು ಭಾರಿದು, ಆಕಿ ದಿನಾ ಕೈಯಾಗ ಹಿಡಿಯೋದು ಹಗುರದು. ನನ್ನ ಖರೀದಿ ಹಂಗಿತ್ತು. ಆ ಮಿಕ್ಸರಿಗಿ ಶೇಂಗಾ ಹಾಕಿದರ ನಾಯಿ ಅಳೋ ಹಂಗ ಅಳತದ, ಆಮ್ಯಾಲ ಸುಟ್ಟ ವಾಸನಿ. ಅದು ತಣ್ಣಗಾಗೋ ತನಕ ಕಾದು ಕಾದು ಆಕಿ ಎರಡು ಸಲ ಬಸ್ಸು ತಪ್ಪಿಸಿಕೊಂಡಾಳ.

ಯಾಕಿಷ್ಟು ಹಟ ಮಾಡಿದೆ ಅಂತ ನಿನಗ ಗೊತ್ತದ, ಆದರೂ ಬರೀತೇನಿ. ಸಣ್ಣಾಕಿದ್ದಾಗ ನಾನು ಮತ್ತ ನಮ್ಮವ್ವ ಊರಾಗಿನ ದೊಡ್ಡ ಮನಿಗಳಿಗಿ ಸಗಣಿ ಕುಳ್ಳು ಹೊತ್ತು ಹಾಕತಿದ್ದೆವು. ಹಿತ್ತಲ ಗ್ವಾಡಿ ತನಕ ಅಷ್ಟೇ ನಮ್ಮ ಕಾಲು, ಒಳಗ ಬರಗೊಡತಿರಲಿಲ್ಲ. ನಮ್ಮ ಕುಳ್ಳಿನಿಂದ ಒಳಗ ಯಾವ ಒಲಿ ಉರೀತದ, ಅದು ಕರ್ರಗದ ಏನು ಕೆಂಪಗದ, ಒಂದು ದಿನ ನೋಡಿಲ್ಲ. ವಾಸನಿ ಅಷ್ಟು ಬರತಿತ್ತು. ನಾ ಮೊದಲು ಮಂದಿ ಒಲಿ ಮುಂದ ಕುಂತದ್ದು ನಿಮ್ಮ ಅಮ್ಮೀ ಮನಿಯಾಗ. ನಿನಗ ರೊಟ್ಟಿ ಕಲಿಸುವಾಗ ನನ್ನನ್ನೂ ಕರೆದು ನಿನ್ನ ಬಾಜೂ ಕೂಡಿಸಿದಳು. ನನ್ನ ಮೊದಲನೇ ರೊಟ್ಟಿ ನಕಾಶಿ ಹಂಗ ಎಲ್ಲಾ ಕಡಿ ಹರಿದಿತ್ತು, ಅದನ್ನ ನಿಮ್ಮ ಅಬ್ಬಾ ಹಾಲಿನಾಗ ಹಾಕಿಕೊಂಡು ಉಂಡರು. ಹಿಂಗಾಗಿ ನನ್ನ ಮನಿ ಅಂತ ಒಂದು ಆದರ, ಅದರ ಅಡಗಿ ಮನಿ ಊರ ಮಂದಿ ಬಂದು ನೋಡೋ ಹಂಗ ಇರಬೇಕು ಅಂತ ನನ್ನ ಆಸೆ. ಆಸೆ ತಪ್ಪಲ್ಲ ಅಮೀರಾ. ಆದರ ಆ ಆಸೆ ಹೊತ್ತು ನಾ ನಡೆದದ್ದು ನಿನ್ನ ಮ್ಯಾಲೇ ಕಾಲಿಟ್ಟು.

ಹೊಸ ಮನಿ ಒಳಗ ಹೋಗೋ ದಿನದ್ದು ಹೇಳ್ತೇನಿ. ಮುಂಜಾನೆ ಭಂತೇಜಿ ಬಂದು ಹೊರಗಿನ ಹಾಲ್‌ನಾಗ ಬುದ್ಧ ವಂದನಾ ಹೇಳಿಸಾಕತ್ತಿದ್ದರು, ಮನಿ ಮಂದಿ ಎಲ್ಲಾ ಅಲ್ಲೇ ಕೈ ಮುಗಿದು ಕುಂತಿದ್ದರು. ನೀ ಕರಜಗಿಯಿಂದ ಮೊದಲನೇ ಬಸ್ಸಿಗಿ ಹೊಂಟೀದಿ ಅಂತ ಫೋನ್ ಬಂದಿತ್ತು. ನಿನ್ನ ಕಾಯಬೇಕಿತ್ತು. ನಿನ್ನ ಕೈಯಿಂದಲೇ ಮೊದಲನೇ ರೊಟ್ಟಿ ಅಂತ ನಾನೇ ಮಾತಾಡಿದ್ದೆ. ಆದರ ಆ ಕರಿ ಗಾಜು ನನ್ನ ಕರೆಯಾಕತ್ತಿತ್ತು. ಮೊದಲನೇ ರೊಟ್ಟಿ ನಂದೇ ಆಗಲಿ, ಯಾರಿಗೂ ಹೇಳೋದೇ ಬ್ಯಾಡ ಅಂತ ವಂದನಾ ಬಿಟ್ಟು ಕಳ್ಳಿ ಹಂಗ ಎದ್ದು ಬಂದೆ. ನಮ್ಮವ್ವನ ಕಬ್ಬಿಣದ ಹಂಚು ಇಟ್ಟು, ಒಂದು ರೊಟ್ಟಿ ಬಡಿದೆ. ಛಲೋ ಉಬ್ಬಿತು. ತಗದ ಮ್ಯಾಲ ಹಂಚು ಸರಿಸಾಕ ಹೋದೆ. ಕೈಯಾಗ ಒದ್ದಿ ಅರಿವಿ ಇತ್ತು, ಹಂಚು ಜಾರಿತು. ಮಣ್ಣಿನ ಒಲಿಗಿ ಹಂಚು ಬಡಿದರ ಮಣ್ಣು ಉದುರತದ, ಮರುದಿನ ಸಗಣಿ ಸಾರಿಸಿದರ ಮುಗೀತು. ನನ್ನ ಕೈಗಿ ಅದೇ ರೂಢಿ. ಗಾಜಿನ ಮೂಲಿಗಿ ಬಡಿದದ್ದು ಸಣ್ಣ ಸಪ್ಪಳ. ಉಗುರಿನಷ್ಟು ಚಕ್ಕಿ ಎದ್ದು ನನ್ನ ಕಾಲ ಬಲ್ಲಿ ಬಿತ್ತು.

ಫರ್ದೀನ ಹೇಳಿದ್ದು ಕಿವಿಯಾಗ ಹಂಗೇ ಇತ್ತು. ನಾ ಏನು ಮಾಡಿದೆ ಗೊತ್ತದೇನು? ಆ ಚಕ್ಕಿ ಹೊರಗ ಮೋರಿಗಿ ಒಗೆದೆ. ಬಾಗಿಲಿಗಿ ಕಟ್ಟಿದ ಮಾಲಿಯಿಂದ ಒಂದು ಚೆಂಡು ಹೂ ಹರಿದು ತಂದು ಒಡೆದ ಮೂಲಿ ಮ್ಯಾಲ ಇಟ್ಟೆ, ಒಲಿಗಿ ಪೂಜಿ ಮಾಡಿದವರ ಹಂಗ. ಆ ರೊಟ್ಟಿ ಕೂಡ ಬಚ್ಚಿಡಬೇಕಲ್ಲ, ಬಿಸಿ ಬಿಸಿ ನಿಂತಲ್ಲೇ ತಿಂದೆ. ನಾಲಿಗಿ ಸುಟ್ಟಿತು. ಇನ್ನಷ್ಟು ಸುಡಬೇಕಿತ್ತು, ಪೂರಾ ಸುಟ್ಟಿದ್ದರ ಮುಂದಿಂದು ಆಗತಿರಲಿಲ್ಲ.

ಆಮ್ಯಾಲ ಮೆಹನಾಜಳ ಕರಕೊಂಡು ನೀ ಬಂದಿ. ಬುರಖಾ ಬಿಚ್ಚಿ ಗೂಟಕ್ಕ ಹಾಕಿ, ಕೈ ತೊಳಕೊಂಡು, ಒಲಿ ನೋಡಿ "ಹೂವು ಛಲೋ ಇಟ್ಟೀದಿ" ಅಂದಿ. ರೊಟ್ಟಿ ಮ್ಯಾಲ ನೀರು ಸವರೋ ಅರಿವಿ ನೀರಾಗ ಅದ್ದಿ ಒಂದು ಸಲ ಹಿಂಡಿದಿ, ಎರಡು ಸಲ ಹಿಂಡಿದಿ, ಮೂರನೇ ಸಲ ಹಿಂಡಿ ಕೊಡವಿದಿ. ಗಾಜಿನ ಮ್ಯಾಲ ಒಂದು ಹನಿ ಬೀಳಬಾರದು ಅಂತ. ನಾ ಬಾಗಿಲಾಗ ನಿಂತು ನೋಡಿದೆ. ನಾ ಅಂಗಡ್ಯಾಗ ಅಷ್ಟು ಅಂದರೂ ನನ್ನ ಒಲಿ ನೀ ಕೂಸಿನ ಹಂಗ ನೋಡಿಕೊಂಡಿ. ನಿನ್ನ ಕೈ ನಡುಗಲಿಲ್ಲ. ನಿನ್ನ ಕಣ್ಣು ತಪ್ಪಲಿಲ್ಲ. ಇದನ್ನ ಮೆಹನಾಜ ಎರಡು ಸಲ ಓದಲಿ.

ನಲವತ್ತು ರೊಟ್ಟಿ ದಾಟಿರಬೇಕು. ನಾ ಹಾಲ್‌ನಾಗ ಬೀಗರಿಗಿ ಚಿಮಣಿ ಹೆಂಗ ಹೊಗಿ ಎಳೀತದ ಅಂತ ಹೇಳಾಕತ್ತಿದ್ದೆ. ಫಟ್ ಅಂತ ಸಪ್ಪಳಾತು. ಓಡಿ ಬಂದು ನೋಡಿದರ ಗಾಜು ಪೂರಾ ಪುಡಿ. ಹಿಟ್ಟಿನಾಗ ಗಾಜು, ನೆಲದಾಗ ಗಾಜು, ನಿನ್ನ ಎಡಗೈಯಿಂದ ರಕ್ತ. ನನ್ನ ತಮ್ಮನ ಮಗ ದಿಲೀಪ, ಅವನ ಹೇಣ್ತಿ, ಮತ್ತ ಆರು ಮಂದಿ ಹೆಣ್ಮಕ್ಕಳು ಬಾಗಿಲಾಗ ತುಂಬಿದ್ದರು. ಕಾದ ಗಾಜಿನ ಮ್ಯಾಲ ನೀರು ಚೆಲ್ಲಿರಬೇಕು, ಹಳ್ಳಿ ಕೈ ನೋಡ್ರಿ ಅಂತ ಯಾರೋ ಅಂದರು. ಎಲ್ಲರೂ ನನ್ನ ಮಾರಿ ನೋಡಿದರು. ಒಂದು ಮಾತು ಹೇಳಿದ್ದರ ಮುಗೀತಿತ್ತು. ಏ, ಮುಂಜಾನೆ ನಾನೇ ಹಂಚು ಬಡಿದೇನಿ ಅಂದಿದ್ದರ ನಕ್ಕು ಬಿಡತಿದ್ದರು. ನಾ ಅಂದದ್ದು ಬ್ಯಾರೆ.

"ಅರಿವಿ ಹಿಂಡಿ ಹಚ್ಚು ಅಂತ ಎಷ್ಟು ಸಲ ಹೇಳಿದ್ದೆ ಬೇ? ಹೊರಗ ಹೋಗಿ ಕುಂದ್ರು, ಇನ್ನೇನಾರ ಒಡೀತಿ."

ಹೊರಗ ಅಂದೆ ಅಮೀರಾ. ಆ ಶಬ್ದ ನನ್ನ ಬಾಯಿಂದ ಬಂತು, ನನ್ನ ಅಡಗಿ ಮನಿಯಾಗ, ನಿನಗ.

ನೀ ನನ್ನ ನೋಡಿದಿ. ಕೈಯಾಗಿನ ಅರಿವಿ ನೋಡಿದಿ. ಅದು ಆಗಲೇ ಅರ್ಧ ಒಣಗಿತ್ತು. ಅದನ್ನ ನಾಲ್ಕು ಮಡಿಕಿ ಮಾಡಿ ಕಟ್ಟಿ ಮ್ಯಾಲ ಇಟ್ಟು ನಡೆದಿ. ನಳದ ಕೆಳಗ ಕೈ ತೊಳದು, ಮೆಹನಾಜಳ ಓಢಣಿ ಸುತ್ತಿಸಿಕೊಂಡು, ಮನಿಗಿ ಹೋಗ್ತಿ ಅಂತ ನಾ ತಿಳಿದಿದ್ದೆ. ಹೋಗಲಿಲ್ಲ ನೀನು. ಉಂಬೋ ಮಂದಿ ಇನ್ನೂ ಉಳಿದಾರ ಅಂತ, ಕಟ್ಟಡಕ್ಕ ತಂದ ಇಟ್ಟಂಗಿ ಮೂರು ಹೂಡಿ, ಅಂಗಳದಾಗ ಒಲಿ ಹಚ್ಚಿ, ಹೊಸಾ ಹಿಟ್ಟು ತರಿಸಿ, ಒಂದೂವರಿ ಕೈಲೇ ರೊಟ್ಟಿ ಬಡಿದಿ. ಒಳಗ ನಾ ಅದನ್ನೇ ಬಡಿಸಿದೆ. ರೊಟ್ಟಿ ಛಲೋ ಆಗ್ಯಾವ ಭಾಗಮ್ಮ ಅಂದರು. ಹೂಂ ಅಂದೆ. ನಾಲ್ಕರ ಬಸ್ಸಿಗಿ ನೀ ಹೋದಿ. ಉಂಡಿಯೇನು ಅಂತ ನಾ ಕೇಳಾಕ ಬಂದಾಗ ಅಂಗಳದಾಗ ಬೂದಿ ಅಷ್ಟೇ ಇತ್ತು. ಆ ಬೂದಿಗಿ ಕೂಡ ನೀರು ಹಾಕಿ ಹೋಗಿದ್ದಿ.

ಮಾತಿಗಿ ಕಾಲು ಬಂತು ಅನ್ನೋದು ನಿನಗೇ ಹೆಚ್ಚು ಗೊತ್ತು. ಮೊದಲು ಅಮೀರುನ್ನಿಸಾ ಭಾಗಮ್ಮನ ಮನಿ ಒಲಿ ಒಡೆದಳು ಅಂದರು. ಆಮ್ಯಾಲ ಆಕಿ ಕೈ ನಡಗತಾವ ಅಂದರು. ಕಣ್ಣು ಕಾಣಂಗಿಲ್ಲ, ಹಿಟ್ಟಿನಾಗ ಗಾಜು ಕಲಸಿದಳು ಅಂತ ಅದೂ ಬಂತು. ದಿಲೀಪ ತನ್ನ ಮಗಳ ಮದುವಿ ರೊಟ್ಟಿ ನಿನಗ ಹೇಳಿದ್ದ, ಅದನ್ನ ತಿರುಗಿಸಿ ಮಷೀನಿನವರಿಗಿ ಹೇಳಿದ. ಎಲ್ಲಾ ಕೇಳಿದೆ, ಸುಮ್ಕ ಕುಂತೆ. ಹೋಗಲಿ, ನಾಲ್ಕು ದಿನದಾಗ ಮರೀತಾರ ಅಂತ ನನಗ ನಾನೇ ಹೇಳಿಕೊಂಡೆ. ಮೂರನೇ ಸಲ ಫೋನ್ ಹಚ್ಚಿದಾಗ ಮೆಹನಾಜ ಒಂದು ಮಾತು ಅಂದಳು. ಆಕಿಗಿ ಬೈಬ್ಯಾಡ.

"ದಾದಿ ಈಗ ಹಿಟ್ಟು ಮುಟ್ಟಂಗಿಲ್ಲ ಅಜ್ಜೀ. ನನಗೇ ನೆನಪಿಲ್ಲ, ಅರಿವಿ ಹಿಂಡಿದ್ನೋ ಇಲ್ಲೋ, ಕೈ ಮುದಿ ಆತು ಅಂತಾಳ."

ಮಂದಿ ನಿನ್ನ ಬೈಯಲಿ, ನೀ ನನ್ನ ಬೈಯಿ, ಅದಕ್ಕ ನಾ ತಯಾರಿದ್ದೆ. ನನ್ನ ಸುಳ್ಳು ನೀನೇ ಖರೆ ಅಂತ ನಂಬತಿ ಅಂತ ನನಗ ಹೊಳೆದಿರಲಿಲ್ಲ. ಮೂರು ಸಲ ಹಿಂಡಿದ್ದಿ ಬೇ ನೀನು. ನಾ ಎಣಿಸೇನಿ.

ಹೋದ ಬುಧವಾರ ಹೊಸಾ ಒಲಿ ತರಾಕ ಮತ್ತ ಕಲಬುರಗಿಗಿ ಹೋದೆವು, ನಾನು ಸೊಸಿ ಇಬ್ಬರೇ. ಆಕಿ ಈ ಸಲ ಚೀಟಿ ಬರೀಲಿಲ್ಲ. ನೀವೇ ಹೇಳ್ರಿ ಅತ್ತಿ, ಯಾವುದು ಬೇಕು ಅಂದಳು. ಎದಿಗಿ ಚುಚ್ಚಿತು. ಫರ್ದೀನ ಹೆಂಗ ಒಡೀತು ಅಂತ ಕೇಳಿದ, ನೀರು ಬಿತ್ತು ಅಂತ ಪಂಚಶೀಲಾ ಹೇಳಿದಳು. ಬರೇ ನೀರಿಗಿ ಹಂಗ ಪೂರಾ ಪುಡಿ ಆಗೋದು ಕಮ್ಮಿರಿ, ಮೊದಲೇ ಎಲ್ಲೋ ಅಂಚಿಗಿ ಪೆಟ್ಟಾಗಿರಬೇಕು ಅಂದ ಅವನು. ಪಂಚಶೀಲಾ ನನ್ನ ಕಡಿ ನೋಡಲಿಲ್ಲ. ನೋಡದೇ ಇದ್ದದ್ದರಿಂದಲೇ ಆಕಿಗಿ ತಿಳೀತು ಅಂತ ನನಗ ತಿಳೀತು.

ಬರುವಾಗ ಬಸ್ಸಿನಾಗ ಹೇಳಿದೆ. ಹೂವಿಂದು, ಚಕ್ಕಿದು, ನಿಂತು ತಿಂದ ರೊಟ್ಟಿದು, ಎಲ್ಲಾ. ಆಕಿ ಬೈತಾಳ ಅಂತ ಕಾದೆ. ಬೈಲಿಲ್ಲ, ಮೆಲ್ಲಕ ಅಂದಳು:

"ನನ್ನ ಮುಂದ ಹೇಳಿದರ ಆಗಂಗಿಲ್ಲ ಅತ್ತಿ. ಅವತ್ತು ಎಂಟು ಮಂದಿ ಕೇಳಿದ್ದಾರ."

ಎಂಟು ಮಂದಿ ಮನಿಗಿ ಹೋಗಿ ಬಂದೆ ಅಮೀರಾ. ಗುರುವಾರ ಶುರು ಮಾಡಿ ಶನಿವಾರ ಮುಗಿಸಿದೆ. ಮೊದಲನೇ ಮನಿಯಾಗ ಚಾಲಾಕಿ ಮಾಡಿದೆ, ಆ ಒಲಿ ಬಹುಶಃ ಮೊದಲೇ ಒಡೆದಿತ್ತೇನೋ ಅಂತ ಅಡ್ಡಾದಿಡ್ಡಿ ಹೇಳಿ, ಚಹಾ ಕುಡಿದು ಹೊರಗ ಬಂದೆ. ಅಗಸಿ ಬಾಗಿಲ ತನಕ ಬಂದು ಮತ್ತ ತಿರುಗಿ ಹೋದೆ. ನಾ ಒಡೆದೆ, ನಾ ಮುಚ್ಚಿಟ್ಟೆ, ಅಮೀರಾನ ಮ್ಯಾಲ ಹಾಕಿದೆ ಅಂತ ನಿಂತಲ್ಲೇ ಹೇಳಿದೆ. ಎರಡನೇ ಸಲ ಆಕಿ ಚಹಾ ಕೊಡಲಿಲ್ಲ. ಒಂದು ಮನಿಯಾಗ ನಕ್ಕರು. ಒಂದು ಮನಿಯಾಗ ಈ ವಯಸ್ಸಿಗಿ ಇದು ಬೇಕಿತ್ತೇನು ಅಂದರು. ಆಗ ನನ್ನ ಮಾರಿ ನೀ ನೋಡಬೇಕಿತ್ತು, ನಿನಗ ಅಷ್ಟಾದರೂ ಖುಷಿ ಆಗತಿತ್ತು.

ದಿಲೀಪ ಮಾತ್ರ, ಹೋಗಲಿ ಬಿಡು ಅತ್ತಿ, ಒಂದು ಒಲಿ ಅಷ್ಟೇ ಅಲ್ಲೇನು ಅಂದ. ಒಲಿ ಅಲ್ಲಪ್ಪಾ, ಒಬ್ಬಾಕಿ ಹೆಸರು ಅಂದೆ. ಅವನು ಮಾರಿ ಕೆಳಗ ಹಾಕಿದ. ಪಂಕ್ತಿ ಊಟಕ್ಕ ಮಷೀನ್ ರೊಟ್ಟಿ ಮಾತಾಗಿ ಹೋಗ್ಯದ, ಅದು ತಿರುಗಂಗಿಲ್ಲ. ಆದರ ಮಗಳ ಜೊತಿ ಕಳಿಸೋ ಬುತ್ತಿಗಿ ಮಷೀನಿಂದು ಒಯ್ದರ ಬೀಗರು ನಗತಾರ, ಅದಕ್ಕ ಕೈ ರೊಟ್ಟಿ ಬೇಕು, ನಾನೇ ಕರಜಗಿಗಿ ಹೋಗಿ ಚಾಚೀಗಿ ಕೇಳ್ತೇನಿ ಅಂದ. ಮಂಗಳವಾರ ಬರಬಹುದು. ನಿನ್ನ ಪರವಾಗಿ ನಾ ಹೂಂ ಅಂದಿಲ್ಲ, ಉಹೂಂ ಅಂದಿಲ್ಲ. ಅವನ ಎದುರಿಗಿ ಬಾಗಿಲು ಹಾಕಬೇಕು ಅನಿಸಿದರ ಹಾಕು. ನಾ ಅವನ ಅತ್ತಿ, ಹೇಳಾಕತ್ತೇನಿ, ಹಾಕು.

ಮನಿಗಿ ಈಗ ಸ್ಟೀಲಿನ ಒಲಿ ಬಂದದ, ಪಂಚಶೀಲಾ ಮೊದಲು ಬರೆದಿದ್ದಳಲ್ಲ, ಹಂಥಾದ್ದೇ. ಮಿಕ್ಸರ್ ಭಾರಿದು ತಂದೆವು, ಆರಿಸಿದ್ದು ಆಕಿ, ನಾ ಬಾಯಿ ಮುಚ್ಚಿಕೊಂಡು ಮೂಲ್ಯಾಗ ಕುಂತಿದ್ದೆ. ಚಿಮಣಿ ಮಾತ್ರ ಗ್ವಾಡಿಗಿ ಹಂಗೇ ಜೋತು ಬಿದ್ದದ. ಬಂದವರೆಲ್ಲ ಅದನ್ನೇ ಮೊದಲು ನೋಡತಾರ. ನನಗ ಅದರ ಕಡಿ ನೋಡಾಕ ಆಗವಲ್ದು.

ಮಾಫಿ ಮಾಡು ಅಂತ ಬರೆಯಾಕ ಕೈ ಬರವಲ್ದು. ಅದು ಕೊಡೋದು ಬಿಡೋದು ನಿನ್ನದು, ಕೇಳಿ ನಿನ್ನ ಸಂಕಟಕ್ಕ ಹಾಕಂಗಿಲ್ಲ. ನಮ್ಮ ಮನಿಗಿ ಬಾ ಅಂತನೂ ಕರೆಯಂಗಿಲ್ಲ, ಕರೆಯೋ ಬಾಯಿ ನಾ ಉಳಿಸಿಕೊಂಡಿಲ್ಲ. ಒಂದೇ ಒಂದು ಮಾತು ಕೇಳ್ತೇನಿ. ಮೆಹನಾಜ ಈ ಕಾಗದ ಓದಿ ಮುಗಿಸಿದ ಮ್ಯಾಲ ಏಳು, ಒಂದು ಬೊಗಸಿ ಹಿಟ್ಟು ತಗೋ, ನೀರು ಕಾಯಿಸಿ ನಾದು. ಒಂದೇ ರೊಟ್ಟಿ ಬಡಿ. ಅದು ನನಗಲ್ಲ. ನಿನ್ನ ಗಂಡ ಪೀರಸಾಬ ಅಣ್ಣಗ ಕೊಡು, ಮೆಹನಾಜಗ ಕೊಡು, ಬೇಕಾದರ ಬಾಗಿಲಾಗಿನ ನಾಯಿಗಿ ಹಾಕು. ಬಡಿಯುವಾಗ ನಿನ್ನ ಕೈ ನೀನೇ ನೋಡು. ಅಂಚು ಒಡೆಯಂಗಿಲ್ಲ, ನಡುವ ಹರಿಯಂಗಿಲ್ಲ. ನಾ ಇಲ್ಲಿ ಕುಂತು ಹೇಳಾಕತ್ತೇನಿ, ಈ ಒಂದು ಮಾತು ಮಾತ್ರ ನಂದು ನಂಬು.

ಎಡಗೈ ಗಾಯ ಮಾಯಲಿ. ಬಲಗೈ ನೂರು ವರ್ಷ ಗಟ್ಟಿ ಇರಲಿ. ನಿನ್ನ ಮನಿ ಒಲಿ ಎಂದೂ ಆರದಿರಲಿ.

ನಿನ್ನ ಕೈಗಿ ಸುಳ್ಳು ಹಚ್ಚಿದಾಕಿ,
ಭಾಗಮ್ಮ